ಗಿಡ ಬೆಳೆಸಿದ ಅಕ್ವೇರಿಯಂಗೆ ಸಣ್ಣ ಗುಂಪು ಮೀನು: ಕಲಬುರಗಿಯ ಬಿಸಿಲಿಗೂ ಬೋರ್‌ವೆಲ್ ನೀರಿಗೂ ಒಗ್ಗುವುದು ಯಾವುದು?

ಪ್ರಶ್ನೆ: ಕಲಬುರಗಿಯ ಜೇವರ್ಗಿ ರಸ್ತೆಯ ಕಡೆ ನಮ್ಮ ಮನೆ. ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಅಷ್ಟೇ ಎತ್ತರದ ಅಕ್ವೇರಿಯಂ ಇಟ್ಟಿದ್ದೇನೆ. ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರೈನ್, ಅನುಬಿಯಾಸ್ ಗಿಡಗಳು ಚೆನ್ನಾಗಿ ಹಬ್ಬಿವೆ. ನಡುವೆ ಶಹಾಬಾದ್ ಕಲ್ಲಿನ ತುಂಡುಗಳನ್ನು ಜೋಡಿಸಿದ್ದೇನೆ. ಸದ್ಯಕ್ಕೆ ಆರು ಗಂಡು ಗಪ್ಪಿ, ಎರಡು ಹನಿ ಗೌರಾಮಿ ಇವೆ. ಬೋರ್‌ವೆಲ್ ನೀರು, ಟಿಡಿಎಸ್ (ಕರಗಿದ ಖನಿಜಗಳ ಪ್ರಮಾಣ) 780, ಪಿಎಚ್ (ಆಮ್ಲ–ಕ್ಷಾರದ ಅಳತೆ) 8.2. ಕಳೆದ ಡಿಸೆಂಬರ್‌ನಲ್ಲಿ ಹನ್ನೆರಡು ನಿಯಾನ್ ಟೆಟ್ರಾ ತಂದಿದ್ದೆ. ಮಾರ್ಚ್‌ವರೆಗೆ ಚೆನ್ನಾಗಿದ್ದವು, ಏಪ್ರಿಲ್ ಮುಗಿಯುವುದರೊಳಗೆ ಒಂದೂ ಉಳಿಯಲಿಲ್ಲ. ಈಗ ಅಂಗಡಿಯವರು ಕಾರ್ಡಿನಲ್, ರಮ್ಮಿನೋಸ್, ಟೈಗರ್ ಬಾರ್ಬ್, ಜೀಬ್ರಾ ತೋರಿಸುತ್ತಿದ್ದಾರೆ. ಒಂದೊಂದರಲ್ಲಿ ನಾಲ್ಕು ನಾಲ್ಕು ತಂದರೆ ಆದೀತೆ?

ಉತ್ತರ: ನಿಮ್ಮ ನಿಯಾನ್‌ಗಳು ಚಳಿಗಾಲವನ್ನು ಸುಖವಾಗಿ ಕಳೆದು ಏಪ್ರಿಲ್‌ನಲ್ಲಿ ಸತ್ತವು; ಅದೇ ನೀರಿನಲ್ಲಿದ್ದ ಗಪ್ಪಿಗಳೂ ಗೌರಾಮಿಗಳೂ ಉಳಿದವು. ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿದರೆ ಮುಂದೆ ಯಾವ ಮೀನು ತರಬೇಕೆಂಬ ತೀರ್ಮಾನದ ಬಹುಪಾಲು ಅಲ್ಲೇ ಸಿಗುತ್ತದೆ. ನಮ್ಮ ಕಡೆ ಮೀನು ಕೊಳ್ಳುವಾಗ ಅಂಗಡಿಯ ಗಾಜಿನೊಳಗೆ ಕಾಣುವ ಬಣ್ಣವನ್ನು ನೋಡುವವರೇ ಹೆಚ್ಚು. ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ, ಕರೆಂಟ್ ಹೋಗಿರುವ ಹೊತ್ತಿನಲ್ಲಿ, ನಿಮ್ಮ ತೊಟ್ಟಿಯ ನೀರು ಹೇಗಿರುತ್ತದೆ ಎಂಬುದನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಂಡು, ಆ ನೀರಿನಲ್ಲಿ ಬದುಕಬಲ್ಲ ಮೀನುಗಳೊಳಗೆ ನಿಮಗೆ ಇಷ್ಟವಾದದ್ದನ್ನು ಆರಿಸಬೇಕು ಎಂಬುದು ನನ್ನ ಸಲಹೆ.

ನಿಯಾನ್ ಟೆಟ್ರಾ ಅಮೆಜಾನ್ ನದಿಯ ಮೇಲ್ಭಾಗದ, ಪೆರು, ಕೊಲಂಬಿಯಾ ಮತ್ತು ಬ್ರೆಜಿಲ್‌ನ ಕಾಡಿನ ನೆರಳಿನಲ್ಲಿ ಹರಿಯುವ ಸಣ್ಣ ತೊರೆಗಳ ಮೀನು. 1936ರಲ್ಲಿ ಅಮೆರಿಕದ ಮತ್ಸ್ಯವಿಜ್ಞಾನಿ ಜಾರ್ಜ್ ಮೈಯರ್ಸ್ ಅದನ್ನು ವೈಜ್ಞಾನಿಕವಾಗಿ ವಿವರಿಸಿ ಹೆಸರಿಟ್ಟರು. ಈಗ ಮಾರಾಟಕ್ಕೆ ಬರುವ ನಿಯಾನ್‌ಗಳಲ್ಲಿ ಬಹುತೇಕ ಎಲ್ಲವೂ ಸಾಕಣೆ ಕೇಂದ್ರಗಳಲ್ಲಿ ಹುಟ್ಟಿದವು. ಆದ್ದರಿಂದ ಸ್ವಲ್ಪ ಗಡಸು ನೀರಿಗೆ ಅವು ಹೊಂದಿಕೊಳ್ಳುತ್ತವೆ. ಬಿಸಿಗೆ ಮಾತ್ರ ಹೊಂದಿಕೊಳ್ಳುವುದಿಲ್ಲ. ಅವುಗಳಿಗೆ ಹಿತವಾದ ಉಷ್ಣತೆ 20ರಿಂದ 26 ಡಿಗ್ರಿ ಸೆಲ್ಸಿಯಸ್. ಡಿಸೆಂಬರ್‌ನಲ್ಲಿ ಕಲಬುರಗಿಯ ಮನೆಯೊಳಗಿನ ನೀರು ಹೀಟರ್ ಇಲ್ಲದೆಯೂ ಸರಿಯಾಗಿ ಆ ಮಿತಿಯೊಳಗೇ ಇರುವುದರಿಂದ ಅವು ಆಗ ನಳನಳಿಸುತ್ತಿದ್ದವು. ಹೊರಗೆ 42–43 ಡಿಗ್ರಿ ಬಿಸಿಲು ಕಾಯತೊಡಗಿದಾಗ, ಎಸಿ ಇಲ್ಲದ ಕೋಣೆಯಲ್ಲಿ ನೀರು 32–33ಕ್ಕೆ ಏರುತ್ತದೆ. ನಮ್ಮಲ್ಲಿ ಬೇಸಿಗೆಯ ರಾತ್ರಿಯೂ ತಂಪಲ್ಲ. ಆರ್‌ಸಿಸಿ ಛಾವಣಿ ಹಗಲೆಲ್ಲ ಕಾದು ರಾತ್ರಿ ಶಾಖವನ್ನು ಕೋಣೆಯೊಳಕ್ಕೆ ಬಿಡುವುದರಿಂದ, ನೀರು ವಾರಗಟ್ಟಲೆ 30ಕ್ಕಿಂತ ಕೆಳಗಿಳಿಯದೆ ನಿಂತುಬಿಡುತ್ತದೆ. ಒಂದು ದಿನದ ಬಿಸಿಯನ್ನು ನಿಯಾನ್ ತಾಳೀತು, ವಾರಗಟ್ಟಲೆಯ ಬಿಸಿಯನ್ನು ತಾಳದು. ಸಾಯುವ ಮುನ್ನ ನೀಲಿ ಪಟ್ಟೆ ಅಲ್ಲಲ್ಲಿ ಅಳಿಸಿದಂತಾಗಿ, ಬೆನ್ನಿನ ಮಾಂಸ ಬಿಳಿಚಿ, ಬೆನ್ನುಮೂಳೆ ಬಾಗಿದ್ದನ್ನು ನೀವು ನೋಡಿದ್ದರೆ ಅದು ಪ್ಲೈಸ್ಟೊಫೋರಾ ಎಂಬ ಪರೋಪಜೀವಿಯಿಂದ ಬರುವ ನಿಯಾನ್ ರೋಗವೂ ಇರಬಹುದು. ಅದಕ್ಕೆ ಖಚಿತವಾದ ಔಷಧಿ ಇಲ್ಲ. ಆದರೆ ನೀವು ಬರೆದಿರುವ ಕ್ರಮದಲ್ಲಿ, ಬಿಸಿಲು ಏರಿದಂತೆ ಎಲ್ಲವೂ ಸಾಲಾಗಿ ಸತ್ತಿರುವುದನ್ನು ನೋಡಿದರೆ, ನನ್ನ ಅನುಮಾನ ಬಿಸಿಯ ಮೇಲೆಯೇ.

ಬಿಸಿ ನೀರು ಮೀನನ್ನು ಹೇಗೆ ಕೊಲ್ಲುತ್ತದೆ ಎಂಬುದು ಆಯ್ಕೆಗೆ ನೇರವಾಗಿ ಸಂಬಂಧಿಸಿದ ವಿಷಯ. ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 33 ಡಿಗ್ರಿಯಲ್ಲಿ ಅದು ಸುಮಾರು 7.2ಕ್ಕೆ ಇಳಿಯುತ್ತದೆ. ಇದು ಸಮುದ್ರ ಮಟ್ಟದ ಲೆಕ್ಕ. ಸುಮಾರು 450 ಮೀಟರ್ ಎತ್ತರದಲ್ಲಿರುವ ಕಲಬುರಗಿಯಲ್ಲಿ ಇನ್ನೂ ನೂರಕ್ಕೆ ಐದರಷ್ಟು ಕಡಿಮೆ. ಇತ್ತ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕ ಬಿಸಿಯೊಂದಿಗೆ ಏರುತ್ತಾ ಹೋಗುತ್ತದೆ. ಗಿಡಗಳು ದಟ್ಟವಾಗಿರುವ ತೊಟ್ಟಿಯಲ್ಲಿ ಇದಕ್ಕೆ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ: ಬೆಳಕಿರುವಾಗ ಆಮ್ಲಜನಕ ಬಿಡುವ ಗಿಡಗಳು ಕತ್ತಲಾದ ಮೇಲೆ ಮೀನಿನಂತೆಯೇ ಅದನ್ನು ಬಳಸುತ್ತವೆ.

ಹೀಗಾಗಿ ಗಿಡದ ತೊಟ್ಟಿಯಲ್ಲಿ ಅತ್ಯಂತ ಕಷ್ಟದ ಹೊತ್ತು ಸೂರ್ಯೋದಯಕ್ಕೆ ಮುಂಚಿನದು. ಮುಂದಿನ ಬೇಸಿಗೆಯಲ್ಲಿ ಒಂದು ದಿನ ಬೆಳಗಿನ ಜಾವ ಐದು ಗಂಟೆಗೆ ಎದ್ದು, ತೊಟ್ಟಿಯ ದೀಪ ಹಾಕದೆ, ಟಾರ್ಚಿನ ಬೆಳಕನ್ನು ಪಕ್ಕದ ಗೋಡೆಗೆ ಬಿಟ್ಟು ಆ ಮಂದ ಬೆಳಕಿನಲ್ಲಿ ಮೀನುಗಳನ್ನು ನೋಡಿ. ನೀರಿನ ನಡುಮಟ್ಟದಲ್ಲಿ ಇರಬೇಕಾದ ಮೀನುಗಳು ಮೇಲ್ಪದರಕ್ಕೆ ಬಂದು, ತಲೆ ಮೇಲೆ ಬಾಲ ಕೆಳಗೆ ಮಾಡಿ ನಿಂತು, ಕಿವಿರಿನ ಮುಚ್ಚಳವನ್ನು ಬೇಗಬೇಗ ಬಡಿಯುತ್ತಿದ್ದರೆ ಅವುಗಳಿಗೆ ಉಸಿರು ಸಾಲುತ್ತಿಲ್ಲವೆಂದು ಅರ್ಥ. ಬೆಳಗಾಗಿ ಗಿಡಗಳ ಮೇಲೆ ಬೆಳಕು ಬಿದ್ದು ಒಂದೆರಡು ಗಂಟೆಯಾದರೆ ಅವು ಎಂದಿನಂತೆ ಕೆಳಗಿಳಿದು ಓಡಾಡುತ್ತವೆ. ಒಂಬತ್ತು ಗಂಟೆಗೆ ಆಹಾರ ಹಾಕುವ ಯಜಮಾನರಿಗೆ ರಾತ್ರಿ ನಡೆದದ್ದರ ಸುಳಿವೇ ಇರುವುದಿಲ್ಲ. ನಿಮ್ಮ ಹನಿ ಗೌರಾಮಿಗಳು ಉಳಿದದ್ದಕ್ಕೆ ವಿವರಣೆಯೂ ಇಲ್ಲಿಯೇ ಇದೆ. ಅವುಗಳ ತಲೆಯೊಳಗೆ ಗಾಳಿಯನ್ನು ನೇರವಾಗಿ ಉಸಿರಾಡಲು ಪ್ರತ್ಯೇಕ ಅಂಗವೊಂದಿದೆ. ಗಪ್ಪಿಯ ಬಾಯಿ ಮೇಲ್ಮುಖವಾಗಿರುವುದರಿಂದ ಗಾಳಿಗೆ ತಾಗಿದ ತೆಳುವಾದ ಮೇಲ್ಪದರದ ನೀರನ್ನು ಅದು ಸುಲಭವಾಗಿ ಬಳಸಿಕೊಳ್ಳುತ್ತದೆ. ನಿಯಾನ್‌ಗೆ ಈ ಎರಡು ಅನುಕೂಲಗಳೂ ಇಲ್ಲ.

ಎರಡನೆಯ ಅಪಾಯ ಅಮೋನಿಯಾದ್ದು, ಅದು ನಿಮ್ಮ ನೀರಿನ ಪಿಎಚ್‌ಗೆ ಅಂಟಿಕೊಂಡಿದೆ. ಮೀನಿನ ಮಲಮೂತ್ರ ಮತ್ತು ತಿನ್ನದೆ ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ಒಂದು ಹೆಚ್ಚು ಹಾನಿ ಮಾಡುವುದಿಲ್ಲ, ಇನ್ನೊಂದು ವಿಷ. ಪಿಎಚ್ 7, ಉಷ್ಣತೆ 25 ಡಿಗ್ರಿ ಇರುವ ನೀರಿನಲ್ಲಿ ವಿಷರೂಪದ ಪಾಲು ನೂರಕ್ಕೆ ಸುಮಾರು 0.5 ಮಾತ್ರ. ಪಿಎಚ್ 8.2, ಉಷ್ಣತೆ 32 ಡಿಗ್ರಿ ಇರುವ ನೀರಿನಲ್ಲಿ ಅದು ನೂರಕ್ಕೆ ಹನ್ನೆರಡನ್ನೂ ಮೀರುತ್ತದೆ. ಅಂದರೆ ಪಿಎಚ್ ಕಡಿಮೆಯಿರುವ ಮೃದು ನೀರಿನ ತೊಟ್ಟಿಯಲ್ಲಿ ಏನೂ ಆಗದೆ ಹೋಗುವ ಒಂದು ಚಿಟಿಕೆ ಹೆಚ್ಚಿನ ಆಹಾರ ನಿಮ್ಮ ತೊಟ್ಟಿಯಲ್ಲಿ ಬೇಸಿಗೆಯಲ್ಲಿ ಮೀನನ್ನು ಕೊಲ್ಲಬಹುದು. ಚೆನ್ನಾಗಿ ಬೆಳೆಯುತ್ತಿರುವ ಗಿಡಗಳು ಅಮೋನಿಯಾವನ್ನು ಹೀರಿಕೊಳ್ಳುತ್ತವೆ ಎಂಬುದು ನಿಮ್ಮ ಪಾಲಿಗೆ ಒಳ್ಳೆಯದೇ. ಆದರೂ ಮೀನಿನ ಸಂಖ್ಯೆಯನ್ನು ಇಂಥ ನೀರಿನಲ್ಲಿ ಮಿತಿಯಲ್ಲಿಡಬೇಕು.

ಈಗ ಅಂಗಡಿಯವರ ಪಟ್ಟಿಗೆ ಬರೋಣ. ಟೈಗರ್ ಬಾರ್ಬನ್ನು ತರಲೇಬೇಡಿ. ಅದು ಗಟ್ಟಿಮುಟ್ಟಾದ ಮೀನು, ಗುಂಪಾಗಿಯೂ ಇರುತ್ತದೆ. ಆದರೆ ಬೇರೆ ಮೀನಿನ ಉದ್ದ ರೆಕ್ಕೆಯನ್ನು ಕಚ್ಚುವುದು ಅದರ ಸ್ವಭಾವ. ಗಂಡು ಗಪ್ಪಿಗಳ ಬಾಲ ಒಂದು ವಾರವೂ ಉಳಿಯಲಾರದು. ಸರ್ಪೆ ಟೆಟ್ರಾ ಮತ್ತು ಅಂಗಡಿಗಳಲ್ಲಿ ವಿಡೋ ಟೆಟ್ರಾ ಎಂದು ಸಿಗುವ ಕಪ್ಪು ಮೀನಿಗೂ ಇದೇ ಚಾಳಿ ಇದೆ. ವಿಡೋ ಟೆಟ್ರಾದಲ್ಲಿ ಗುಲಾಬಿ, ಹಸಿರು, ನೇರಳೆ ಬಣ್ಣದವೂ ಬರುತ್ತವೆ. ಅವುಗಳಲ್ಲಿ ಕೆಲವಕ್ಕೆ ಬಣ್ಣವನ್ನು ಚುಚ್ಚಿರುತ್ತಾರೆ ಅಥವಾ ಬಣ್ಣದಲ್ಲಿ ಅದ್ದಿರುತ್ತಾರೆ. ಆ ಹಿಂಸೆಯಿಂದ ಬದುಕಿ ಬಂದ ಮೀನು ರೋಗಕ್ಕೆ ಬೇಗ ತುತ್ತಾಗುತ್ತದೆ, ಬಣ್ಣವೂ ಕೆಲವು ತಿಂಗಳಲ್ಲಿ ಮಾಸುತ್ತದೆ. ಕೊಳ್ಳುವವರು ನಿಲ್ಲಿಸಿದರೆ ಮಾತ್ರ ಇದು ನಿಲ್ಲುತ್ತದೆ, ದಯವಿಟ್ಟು ಕೊಳ್ಳಬೇಡಿ.

ಕಾರ್ಡಿನಲ್ ಟೆಟ್ರಾ ನೋಡಲು ನಿಯಾನ್‌ನಂತೆಯೇ ಇದ್ದರೂ ಕೆಂಪು ಪಟ್ಟೆ ತಲೆಯಿಂದ ಬಾಲದವರೆಗೂ ಹಾಯ್ದಿರುತ್ತದೆ. ಅದು ಬ್ರೆಜಿಲ್‌ನ ರಿಯೊ ನೀಗ್ರೊ ನದಿಯ ಸುತ್ತಿನ, ಎಲೆ ಕೊಳೆತು ಚಹಾದ ಬಣ್ಣಕ್ಕೆ ತಿರುಗಿದ, ಖನಿಜವೇ ಇಲ್ಲವೆನ್ನಬಹುದಾದ ನೀರಿನ ಮೀನು. ಬಿಸಿಯನ್ನು ನಿಯಾನ್‌ಗಿಂತ ಚೆನ್ನಾಗಿ, 28–29 ಡಿಗ್ರಿಯವರೆಗೂ ತಾಳಿಕೊಳ್ಳುತ್ತದೆ. ಹಾಗಾದರೆ ಅದನ್ನೇ ತರಬಾರದೇಕೆ ಎಂದು ನೀವು ಕೇಳಬಹುದು. ನಿಮ್ಮ 780 ಟಿಡಿಎಸ್‌ನ ನೀರು ಅದಕ್ಕೆ ಸಲ್ಲುವುದಿಲ್ಲ. ಮಾರಾಟಕ್ಕೆ ಬರುವ ಕಾರ್ಡಿನಲ್‌ಗಳಲ್ಲಿ ನದಿಯಿಂದ ಹಿಡಿದು ತಂದವೂ ಇರುತ್ತವೆ, ಅವು ಗಡಸು ನೀರಿನಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ.

ಕೆಂಪು ಮೂತಿಯ ಟೆಟ್ರಾ ಆದ ರಮ್ಮಿನೋಸ್ ವಿಷಯದಲ್ಲಿ ನನಗೆ ವಿಶೇಷ ಒಲವಿದೆ, ಅದನ್ನು ಮುಚ್ಚಿಡುವುದಿಲ್ಲ. ನಿಜವಾದ ಹಿಂಡಿನ ನಡಿಗೆಯನ್ನು ಮನೆಯ ತೊಟ್ಟಿಯಲ್ಲಿ ನೋಡಬೇಕೆಂದರೆ ಅದನ್ನೇ ನೋಡಬೇಕು. ಬೇರೆ ಸಣ್ಣ ಮೀನುಗಳು ಹೆದರಿದಾಗ ಒತ್ತಾಗಿ ಸೇರಿ, ಧೈರ್ಯ ಬಂದ ಮೇಲೆ ಗಿಡಗಳ ನಡುವೆ ಚದುರಿಕೊಳ್ಳುತ್ತವೆ. ರಮ್ಮಿನೋಸ್ ಮಾತ್ರ ನಿಶ್ಚಿಂತೆಯಿಂದ ಇರುವಾಗಲೂ ಒಟ್ಟಾಗಿಯೇ ಸಾಗುತ್ತದೆ. ಗಾಜಿನ ಅಂಚಿನವರೆಗೆ ಬಂದು, ಮುಂದಿನ ಒಂದೆರಡು ಮೀನು ಹೊರಳಿದ ಕ್ಷಣದಲ್ಲೇ ಹದಿನೈದೂ ಹೊರಳುತ್ತವೆ. ಕಪ್ಪು ಬಿಳಿ ಪಟ್ಟೆಯ ಬಾಲಗಳೆಲ್ಲ ಒಮ್ಮೆಲೇ ಒಂದೇ ಕಡೆಗೆ ಬಾಗುತ್ತವೆ. ಮೂತಿಯ ಕೆಂಪು ನೀರಿನ ಸ್ಥಿತಿಯನ್ನು ಹೇಳುತ್ತದೆ: ನೀರು ಕೆಟ್ಟರೆ ಅಥವಾ ಮೀನು ಬೆದರಿದರೆ ಆ ಕೆಂಪು ಕೆಲವೇ ಹೊತ್ತಿನಲ್ಲಿ ಬಿಳಿಚಿಕೊಳ್ಳುತ್ತದೆ. ಇಷ್ಟು ಹೇಳಿದ ಮೇಲೂ, ನೇರ ಬೋರ್‌ವೆಲ್ ನೀರಿಗೆ ಅದನ್ನು ಬಿಡಿ ಎಂದು ನಾನು ಹೇಳಲಾರೆ. ಅದಕ್ಕೂ ಮೃದು ನೀರು ಬೇಕು, ನೀರಿನ ಏರುಪೇರನ್ನು ಅದು ಸಹಿಸುವುದಿಲ್ಲ.

ಜೀಬ್ರಾ ನಮ್ಮ ನಾಡಿನದೇ ಮೀನು. ಗಂಗಾ ಬಯಲಿನ ಮೀನುಗಳನ್ನು ಕುರಿತು ಬರೆದ ಫ್ರಾನ್ಸಿಸ್ ಹ್ಯಾಮಿಲ್ಟನ್ 1822ರಲ್ಲಿ ಅದನ್ನು ಮೊದಲು ವಿವರಿಸಿದರು. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಮೀನುಗಳಲ್ಲಿ ಅದೂ ಒಂದು. ಗದ್ದೆಯ ಕಾಲುವೆ, ಹಳ್ಳದ ಅಂಚು, ಮಳೆಗಾಲದ ಹೊಂಡಗಳಲ್ಲಿ ಬೆಳೆಯುವ ಈ ಮೀನು ಚಳಿಗಾಲದ ತಂಪನ್ನೂ 30 ಡಿಗ್ರಿ ದಾಟಿದ ಬೇಸಿಗೆಯನ್ನೂ ಗಡಸು ನೀರನ್ನೂ ತಾಳಿಕೊಳ್ಳುತ್ತದೆ. ಬಾಳಿಕೆಯೊಂದನ್ನೇ ನೋಡುವುದಾದರೆ ನಿಮ್ಮ ಪಟ್ಟಿಯಲ್ಲಿ ಇದೇ ಮೊದಲು. ಆದರೆ ಜೀಬ್ರಾ ದಿನವಿಡೀ ಓಡುತ್ತಲೇ ಇರುವ ಮೀನು. ಆಹಾರ ಬಿದ್ದೊಡನೆ ಮೇಲೆ ನುಗ್ಗುತ್ತದೆ. ನಾಚಿಕೆಯ ಸ್ವಭಾವದ ಹನಿ ಗೌರಾಮಿ ಆ ಗದ್ದಲಕ್ಕೆ ಹೆದರಿ ಗಿಡದ ಹಿಂದೆ ಸೇರಿಕೊಂಡು ಸೊರಗುತ್ತದೆ. ಗೌರಾಮಿ ಇಲ್ಲದ ತೊಟ್ಟಿಯಾಗಿದ್ದರೆ, ಮೇಲೆ ಗಟ್ಟಿಯಾದ ಜಾಲರಿ ಮುಚ್ಚಳ ಹಾಕಿಸಿಕೊಂಡು, ಹನ್ನೆರಡು ಜೀಬ್ರಾ ತನ್ನಿ ಎಂದು ಹಿಂಜರಿಯದೆ ಹೇಳುತ್ತಿದ್ದೆ. ಮುಚ್ಚಳ ಏಕೆಂದರೆ ಅದು ಚೆನ್ನಾಗಿ ಜಿಗಿಯುತ್ತದೆ.

ಅಂಗಡಿಯವರು ಹೆಸರಿಸದ ಎರಡು ಮೀನುಗಳನ್ನು ನಾನು ನಿಮಗೆ ಸೂಚಿಸುತ್ತೇನೆ. ನಿಮ್ಮ ನೀರನ್ನು ಏನೂ ಬದಲಾಯಿಸದೆ ಇರುವಂತೆಯೇ ಬಳಸುವುದಾದರೆ ಎಕ್ಸ್‌ರೇ ಟೆಟ್ರಾ ತನ್ನಿ. ಪ್ರಿಸ್ಟೆಲ್ಲಾ ಎಂದೂ ಕರೆಯುತ್ತಾರೆ. ವೆನೆಜುವೆಲಾ, ಗಯಾನಾ, ಬ್ರೆಜಿಲ್‌ನ ನದಿಗಳ ಮೀನು ಇದು. ಕರಾವಳಿಗೆ ಹತ್ತಿರದ, ತುಸು ಉಪ್ಪು ಸೇರಿದ ನೀರಿನಲ್ಲೂ ಬದುಕುವುದರಿಂದ ಖನಿಜ ಹೆಚ್ಚಿರುವ ನೀರನ್ನು ಬೇರೆ ಟೆಟ್ರಾಗಳಂತೆ ದೂರ ಮಾಡುವುದಿಲ್ಲ. ನಾಲ್ಕು ನಾಲ್ಕೂವರೆ ಸೆಂಟಿಮೀಟರ್ ಬೆಳೆಯುತ್ತದೆ. ಮೈ ಪಾರದರ್ಶಕ, ಬೆನ್ನುಮೂಳೆ ಹೊರಗಿನಿಂದಲೇ ಕಾಣುತ್ತದೆ. ಬೆನ್ನಿನ ರೆಕ್ಕೆಯಲ್ಲಿ ಹಳದಿ, ಕಪ್ಪು, ಬಿಳಿ ಪಟ್ಟೆಗಳು, ಬಾಲದಲ್ಲಿ ತಿಳಿಗೆಂಪು. ಅಂಗಡಿಯ ಬೋಳು ತೊಟ್ಟಿಯಲ್ಲಿ, ಬಿಳಿ ಬೆಳಕಿನ ಕೆಳಗೆ, ಇದು ಬಣ್ಣಗೆಟ್ಟ ಮೀನಿನಂತೆ ಕಾಣುವುದರಿಂದಲೇ ಯಾರೂ ಕೇಳುವುದಿಲ್ಲ, ಅಂಗಡಿಯವರೂ ತರಿಸುವುದಿಲ್ಲ. ನಿಮ್ಮ ಕಡುಹಸಿರು ಕ್ರಿಪ್ಟೊಕೊರೈನ್ ಎಲೆಗಳ ಮುಂದೆ ಇವು ಹನ್ನೆರಡು ಹದಿನಾಲ್ಕು ಒಟ್ಟಾಗಿ ನಿಂತರೆ ಆ ರೆಕ್ಕೆಯ ಪಟ್ಟೆಗಳು ಎದ್ದು ಕಾಣುತ್ತವೆ. ಸಗಟು ವ್ಯಾಪಾರಿಗಳಲ್ಲಿ ಸಿಗುವ ಮೀನೇ ಆದ್ದರಿಂದ ಮುಂಗಡ ಕೊಟ್ಟು ಹೈದರಾಬಾದಿನಿಂದಲೋ ಚೆನ್ನೈನ ಕೊಳತ್ತೂರಿನಿಂದಲೋ ತರಿಸಿಕೊಡಲು ಹೇಳಬಹುದು.

ಮನೆಯ ಆರ್‌ಒ ನೀರನ್ನು ಬೆರೆಸಲು ನೀವು ಸಿದ್ಧರಿದ್ದರೆ ನನ್ನ ಆಯ್ಕೆ ಹಾರ್ಲೆಕ್ವಿನ್ ರಾಸ್ಬೋರಾ. ತಾಮ್ರದ ಬಣ್ಣದ ಮೈ, ಅದರ ಹಿಂಭಾಗದಲ್ಲಿ ಕಪ್ಪು ತ್ರಿಕೋನ. ಮಲೇಷ್ಯಾ, ಸಿಂಗಾಪುರ, ಸುಮಾತ್ರಾ ಕಡೆಯ ಕಾಡಿನ ತೊರೆಗಳದು. ಈಗ ಸಾಕಣೆಯಲ್ಲಿ ಹುಟ್ಟಿ ಬರುವುದರಿಂದ ಮಧ್ಯಮ ಗಡಸುತನಕ್ಕೆ ಒಗ್ಗಿಕೊಂಡಿರುತ್ತದೆ, 28 ಡಿಗ್ರಿಯವರೆಗೆ ಸುಖವಾಗಿರುತ್ತದೆ, ಅದನ್ನು ಮೀರಿದ ಬಿಸಿಯನ್ನೂ ಗಾಳಿಯಾಡುವ ನೀರಿನಲ್ಲಿ ಕೆಲವು ದಿನ ತಾಳಿಕೊಳ್ಳುತ್ತದೆ. ಗೌರಾಮಿಯನ್ನು ಹೆದರಿಸುವುದಿಲ್ಲ, ಗಪ್ಪಿಯ ಬಾಲವನ್ನು ಮುಟ್ಟುವುದಿಲ್ಲ. ನಿಮ್ಮಲ್ಲಿರುವ ಕ್ರಿಪ್ಟೊಕೊರೈನ್ ಗಿಡದೊಂದಿಗೆ ಅದಕ್ಕೆ ಬೇರೆಯೇ ನಂಟಿದೆ. ಮೊಟ್ಟೆ ಇಡುವ ಹೊತ್ತಿಗೆ ಗಂಡು ಹೆಣ್ಣನ್ನು ಅಗಲ ಎಲೆಯ ಅಡಿಗೆ ಕರೆದೊಯ್ಯುತ್ತದೆ, ಹೆಣ್ಣು ಹೊಟ್ಟೆ ಮೇಲಾಗಿ ಹೊರಳಿ ಎಲೆಯ ತಳಭಾಗಕ್ಕೆ ಮೊಟ್ಟೆಗಳನ್ನು ಅಂಟಿಸುತ್ತದೆ. ಗಡಸು ನೀರಿನಲ್ಲಿ ಆ ಮೊಟ್ಟೆಗಳು ಮರಿಯಾಗುವುದು ಅಪರೂಪ. ಆದರೂ ಎಲೆಯಿಂದ ಎಲೆಗೆ ಸಾಗುವ ಆ ಓಡಾಟವನ್ನು ಬೆಳಗಿನ ಹೊತ್ತು ಕುಳಿತು ನೋಡುವುದು ಬಹಳ ಚಂದ. ಇನ್ನು, ಗುಂಪಿನ ಬಿಗಿತ ಅಷ್ಟೇನೂ ಮುಖ್ಯವಲ್ಲ, ಬಣ್ಣ ಬೇಕು ಎನ್ನುವವರಿಗೆ ಶ್ರೀಲಂಕಾದ ಚೆರ್ರಿ ಬಾರ್ಬ್ ಒಳ್ಳೆಯದು. ಹೆಸರಿನಲ್ಲಿ ಬಾರ್ಬ್ ಇದ್ದರೂ ಟೈಗರ್ ಬಾರ್ಬ್‌ನ ಜಗಳಗಂಟಿತನ ಅದಕ್ಕಿಲ್ಲ.

ನಾಲ್ಕು ನಾಲ್ಕು ತರುವ ಯೋಚನೆಯನ್ನು ಬಿಟ್ಟುಬಿಡಿ. ಗುಂಪಿನಲ್ಲಿ ಬಾಳುವ ಮೀನಿಗೆ ತನ್ನ ಜಾತಿಯ ಮೀನೇ ಜೊತೆ. ನಾಲ್ಕು ಜಾತಿಯ ಹದಿನಾರು ಮೀನುಗಳಿದ್ದರೂ ಒಂದೊಂದು ಮೀನಿಗೂ ಇರುವುದು ಮೂರೇ ಸಂಗಾತಿಗಳು. ಅಷ್ಟು ಸಣ್ಣ ಗುಂಪಿನಲ್ಲಿ ಮೀನು ಸದಾ ಬೆದರಿಕೊಂಡೇ ಇರುತ್ತದೆ, ಬಣ್ಣ ತೋರಿಸುವುದಿಲ್ಲ, ಕೆಲವೊಮ್ಮೆ ಬಲವಾದ ಒಂದು ಮೀನು ಉಳಿದ ಮೂರನ್ನೂ ಕಾಡುತ್ತದೆ. ಕನಿಷ್ಠ ಎಂದರೆ ಆರು. ಹತ್ತನ್ನು ದಾಟಿದ ಮೇಲೆಯೇ ಹಿಂಡಿನ ನಡವಳಿಕೆ ಸರಿಯಾಗಿ ಕಾಣುತ್ತದೆ. ನಿಮ್ಮ ತೊಟ್ಟಿಯ ಒಟ್ಟು ಅಳತೆ ಸುಮಾರು 130 ಲೀಟರ್ ಆದರೂ ತಳದ ಮಣ್ಣು, ಕಲ್ಲು, ಮೇಲೆ ಬಿಟ್ಟ ಜಾಗವನ್ನು ಕಳೆದರೆ ನೀರು 105 ಲೀಟರ್ ಆಸುಪಾಸು ಇರುತ್ತದೆ. ಗಪ್ಪಿ, ಗೌರಾಮಿಗಳೊಂದಿಗೆ ಒಂದೇ ಜಾತಿಯ ಹನ್ನೆರಡರಿಂದ ಹದಿನೈದು ಮೀನು ಸಾಕು. ಚಳಿಗಾಲದಲ್ಲಿ ನೋಡಿದರೆ ಇನ್ನೂ ಹತ್ತು ಹಿಡಿಸುವಂತೆ ಕಾಣುತ್ತದೆ. ಆ ಆಸೆಗೆ ಬಲಿಯಾಗಬೇಡಿ, ಏಪ್ರಿಲ್‌ನಲ್ಲಿ ಆ ಖಾಲಿ ಜಾಗವೇ ಮೀನನ್ನು ಕಾಯುತ್ತದೆ.

ನೀರನ್ನು ಬೆರೆಸುವ ಲೆಕ್ಕ ಸರಳ. ನಿಮ್ಮ ಆರ್‌ಒ ನೀರಿನ ಟಿಡಿಎಸ್ 30 ಎಂದಿಟ್ಟುಕೊಂಡರೆ, ಬೋರ್‌ವೆಲ್ ನೀರು ಒಂದು ಪಾಲು, ಆರ್‌ಒ ಒಂದು ಪಾಲು ಸೇರಿಸಿದಾಗ ಸುಮಾರು 405 ಬರುತ್ತದೆ. ಆರ್‌ಒ ಎರಡು ಪಾಲು ಹಾಕಿದರೆ 280. ಹಾರ್ಲೆಕ್ವಿನ್‌ಗೆ ಮೊದಲನೆಯದು ಸಾಕು. ಕಾರ್ಡಿನಲ್ ಅಥವಾ ರಮ್ಮಿನೋಸ್ ಬೇಕೇಬೇಕೆಂದರೆ ಎರಡನೆಯದಕ್ಕಿಂತ ಮೇಲೆ ಹೋಗಬೇಡಿ, ನೀರನ್ನು 30 ಡಿಗ್ರಿಯೊಳಗೆ ಇಡುವ ಏರ್ಪಾಡೂ ಬೇಕು. ಈಗಿರುವ ನೀರನ್ನು ಒಮ್ಮೆಲೇ ಬದಲಿಸದೆ ವಾರಕ್ಕೆ ಐದನೆಯ ಒಂದು ಪಾಲಿನಂತೆ ಬದಲಿಸುತ್ತಾ ಬನ್ನಿ. ಹಠಾತ್ ಬದಲಾವಣೆಗೆ ಕ್ರಿಪ್ಟೊಕೊರೈನ್ ಎಲೆಗಳೂ ಕರಗಿಹೋಗುತ್ತವೆ. ಉಪ್ಪು ಹಾಕಿ ನಡೆಸುವ ವಾಟರ್ ಸಾಫ್ಟ್‌ನರ್ ನೀರನ್ನು ಮಾತ್ರ ಬಳಸಬೇಡಿ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಅದರ ಬದಲು ಸೋಡಿಯಂ ಸೇರಿಸುತ್ತದೆ. ಸಾಬೂನಿನ ನೊರೆ ಚೆನ್ನಾಗಿ ಬಂದರೂ ಟಿಡಿಎಸ್ ಇಳಿದಿರುವುದಿಲ್ಲ. ಪಿಎಚ್ ಇಳಿಸುವ ದ್ರಾವಣದ ಬಾಟಲಿಗೂ ಹಣ ಹಾಕಬೇಡಿ. ನಿಮ್ಮಂಥ ಗಡಸು ನೀರಿನಲ್ಲಿ ಪಿಎಚ್ ಮರುದಿನಕ್ಕೆ ಮತ್ತೆ ಮೇಲೇರುತ್ತದೆ, ಆ ಏರಿಳಿತವೇ ಮೀನಿಗೆ ಹೆಚ್ಚು ಕೆಡುಕು.

ಶಹಾಬಾದ್ ಕಲ್ಲಿನ ಬಗ್ಗೆ ನೀವು ಕೇಳಿಲ್ಲವಾದರೂ ಹೇಳಬೇಕು. ಅದು ಸುಣ್ಣದ ಕಲ್ಲು. ಒಣಗಿದ ತುಂಡಿನ ಮೇಲೆ ನಿಂಬೆರಸದ ಹನಿ ಬಿಟ್ಟು ನೋಡಿದರೆ ಸಣ್ಣ ಗುಳ್ಳೆಗಳು ಏಳುವುದನ್ನು ಕಾಣಬಹುದು. ಈಗಿನ 8.2 ಪಿಎಚ್‌ನ ನೀರಿನಲ್ಲಿ ಅದು ಕರಗುವುದು ತೀರ ಕಡಿಮೆ, ಆದ್ದರಿಂದ ಪ್ರಿಸ್ಟೆಲ್ಲಾ ತರುವುದಾದರೆ ಇರಲಿ. ಆರ್‌ಒ ಬೆರೆಸಿ ನೀರನ್ನು ಮೃದುಗೊಳಿಸಿದರೆ, ಅಥವಾ ಮುಂದೆಂದಾದರೂ ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಜೋಡಿಸಿದರೆ, ಅದೇ ಕಲ್ಲು ಕರಗತೊಡಗಿ ನೀರನ್ನು ಮತ್ತೆ ಗಡಸು ಮಾಡುತ್ತದೆ. ಆಗ ಅದನ್ನು ತೆಗೆದು ನಮ್ಮ ಹೊಲಗಳಲ್ಲಿ ಸಿಗುವ ಕರಿಕಲ್ಲನ್ನು ಇದೇ ಪರೀಕ್ಷೆ ಮಾಡಿ, ತಿಕ್ಕಿ ತೊಳೆದು ಹಾಕಿ. ನಿಮ್ಮ ವ್ಯಾಲಿಸ್ನೇರಿಯಾ ಹುಲುಸಾಗಿ ಬೆಳೆದಿರುವುದಕ್ಕೆ ಗಡಸು ನೀರೂ ಒಂದು ಕಾರಣ: ನೀರಿನಲ್ಲಿರುವ ಬೈಕಾರ್ಬೊನೇಟನ್ನೇ ಇಂಗಾಲದ ಮೂಲವಾಗಿ ಬಳಸುವ ಶಕ್ತಿ ಆ ಗಿಡಕ್ಕಿದೆ. ಬೀದರ್‌ನ ಜಂಬಿಟ್ಟಿಗೆ ನೆಲದ ನೀರು ಸಾಮಾನ್ಯವಾಗಿ ಇಷ್ಟು ಗಡಸಾಗಿರುವುದಿಲ್ಲ, ಊರು ಇಲ್ಲಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದ್ದು ಬಿಸಿಯೂ ತುಸು ಕಡಿಮೆ. ಅಲ್ಲಿನ ಓದುಗರು ತಮ್ಮ ನೀರನ್ನು ಅಳೆದು ನೋಡಿದರೆ ಇನ್ನೂ ಹೆಚ್ಚಿನ ಆಯ್ಕೆಗಳು ಸಿಗಬಹುದು. ಯಾದಗಿರಿಯವರು ಬಿಸಿಯ ವಿಷಯದಲ್ಲಿ ನಿಮ್ಮಂತೆಯೇ ಎಚ್ಚರ ವಹಿಸಬೇಕು.

ಯಾವ ಮೀನು ತಂದರೂ ಬೇಸಿಗೆಗೆ ಒಂದಿಷ್ಟು ಸಿದ್ಧತೆ ಬೇಕೇಬೇಕು. ನಮ್ಮ ಒಣ ಬಿಸಿಲು ಇಲ್ಲಿ ನೆರವಿಗೆ ಬರುತ್ತದೆ. ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವಂತೆ ಸಣ್ಣ ಫ್ಯಾನ್ ಇಟ್ಟರೆ ನೀರು ಆವಿಯಾಗಿ ಎರಡರಿಂದ ನಾಲ್ಕು ಡಿಗ್ರಿ ಇಳಿಯುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಹೀರುವ ಶಾಖ ಎಷ್ಟೆಂದರೆ, ಅಷ್ಟನ್ನೂ ತೊಟ್ಟಿಯಿಂದಲೇ ತೆಗೆದರೆ ನೂರು ಲೀಟರ್ ನೀರು ಐದು ಡಿಗ್ರಿಗೂ ಹೆಚ್ಚು ತಣ್ಣಗಾದೀತು. ಹೊರಗಿನ ಬಿಸಿ ಮತ್ತೆ ಸೇರುತ್ತಲೇ ಇರುವುದರಿಂದ ಅಷ್ಟು ಇಳಿಯುವುದಿಲ್ಲ ಅಷ್ಟೆ. ಫ್ಯಾನ್ ಇಡುವಾಗ ಗಾಜಿನ ಮುಚ್ಚಳ ತೆಗೆದು ಸೊಳ್ಳೆಪರದೆಯ ಜಾಲರಿ ಕಟ್ಟಿ. ಆವಿಯಾಗುವುದು ನೀರು ಮಾತ್ರ, ಖನಿಜ ಒಳಗೇ ಉಳಿದು ದಟ್ಟವಾಗುತ್ತದೆ; ಆದ್ದರಿಂದ ಕಡಿಮೆಯಾದ ನೀರನ್ನು ಆರ್‌ಒ ನೀರಿನಿಂದಲೇ ತುಂಬಿಸಿ. ಐಸ್ ತುಂಬಿದ ಬಾಟಲಿ ಇಳಿಬಿಡುವುದು ಬೇಡ, ಒಂದು ಗಂಟೆಯಲ್ಲಿ ನಾಲ್ಕು ಡಿಗ್ರಿ ಇಳಿದು ಮತ್ತೆ ಏರುವ ನೀರು ಮೀನನ್ನು ಇನ್ನಷ್ಟು ಬಳಲಿಸುತ್ತದೆ. ತೊಟ್ಟಿಯ ದೀಪವನ್ನು ನಡುಹಗಲಿಗೆ ಬದಲು ಸಂಜೆ ಐದರಿಂದ ರಾತ್ರಿ ಹನ್ನೊಂದರವರೆಗೆ ಉರಿಸಿ. ರಾತ್ರಿ ದೀಪ ಆರಿದ ಮೇಲೆ ಬೆಳಗಿನವರೆಗೆ ಏರ್ ಪಂಪ್ ನಡೆಯುತ್ತಿರಲಿ, ಕರೆಂಟ್ ಹೋದಾಗ ತಾನಾಗಿ ಚಾಲೂ ಆಗುವ ಬ್ಯಾಟರಿ ಪಂಪೊಂದು ಸ್ಪಂಜ್ ಫಿಲ್ಟರ್‌ಗೆ ಜೋಡಿಸಿರಲಿ. ನೀರು ಬದಲಿಸುವಾಗ ಛಾವಣಿಯ ಮೇಲಿನ ಟ್ಯಾಂಕಿನ ನಲ್ಲಿಯಿಂದ ನೇರವಾಗಿ ಹಾಕಬೇಡಿ. ಮೇ ತಿಂಗಳ ಮಧ್ಯಾಹ್ನ ಆ ನೀರು ಕೈ ಇಡಲಾಗದಷ್ಟು ಕಾದಿರುತ್ತದೆ. ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ಹಿಡಿದಿಟ್ಟು ಬೆಳಿಗ್ಗೆ ಬಳಸಿ. ಪಾಲಿಕೆಯ ನಲ್ಲಿ ನೀರನ್ನು ಬೆರೆಸುವ ದಿನ ಕ್ಲೋರಿನ್ ತೆಗೆಯುವ ದ್ರಾವಣ ಹಾಕಲು ಮರೆಯಬೇಡಿ.

ಕೊಳ್ಳಲು ಸರಿಯಾದ ಕಾಲ ಅಕ್ಟೋಬರ್‌ನಿಂದ ಜನವರಿ. ಆಗ ತಂದ ಮೀನಿಗೆ ಬಿಸಿಲು ಏರುವ ಮುನ್ನ ತೊಟ್ಟಿಗೆ ಹೊಂದಿಕೊಂಡು ಮೈ ತುಂಬಿಕೊಳ್ಳಲು ತಿಂಗಳುಗಳ ಕಾಲಾವಕಾಶ ಸಿಗುತ್ತದೆ. ಅಂಗಡಿಗೆ ಪಾರ್ಸೆಲ್ ಬಂದ ದಿನವೇ ಕೊಳ್ಳದೆ ಒಂದು ವಾರ ಬಿಟ್ಟು ಹೋಗಿ. ಎದುರಿಗೆ ಆಹಾರ ಹಾಕಿಸಿ, ತಿನ್ನುತ್ತವೆಯೇ ನೋಡಿ. ಹೊಟ್ಟೆ ಒಳಸರಿದಿದ್ದರೆ, ರೆಕ್ಕೆ ಮೈಗೆ ಅಂಟಿದ್ದರೆ, ಒಂದೇ ಒಂದು ಮೀನಿನ ಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಇದ್ದರೂ ಆ ತೊಟ್ಟಿಯಿಂದ ಯಾವ ಮೀನನ್ನೂ ತರಬೇಡಿ. ಅಂಗಡಿಯವರ ನೀರಿನ ಟಿಡಿಎಸ್ ಅಳೆಯಲು ನಿಮ್ಮ ಮೀಟರನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ನಿಮ್ಮ ನೀರಿಗೂ ಅದಕ್ಕೂ ಹೆಚ್ಚು ಅಂತರವಿದ್ದರೆ, ಮೀನನ್ನು ಬಕೆಟ್ಟಿಗೆ ಬಿಟ್ಟು ಏರ್ ಪಂಪಿನ ಸಣ್ಣ ಪೈಪಿನಿಂದ ನಿಮ್ಮ ನೀರನ್ನು ಹನಿಹನಿಯಾಗಿ ಗಂಟೆ ಒಂದೂವರೆ ಗಂಟೆ ಇಳಿಬಿಡಿ. ಈ ಕ್ರಮ ಅರ್ಧ ಗಂಟೆಯ ದಾರಿಯಿಂದ ತಂದ ಮೀನಿಗೆ ಸರಿ. ಹೈದರಾಬಾದಿನಿಂದ ರಾತ್ರಿಯ ಬಸ್ಸಿನಲ್ಲಿ ಆಮ್ಲಜನಕ ತುಂಬಿದ ಚೀಲದಲ್ಲಿ ಬಂದ ಮೀನಿಗೆ ಹೀಗೆ ಮಾಡಬಾರದು. ಮುಚ್ಚಿದ ಚೀಲದಲ್ಲಿ ಅಮೋನಿಯಾ ಕೂಡಿರುತ್ತದೆ, ಮೀನಿನ ಉಸಿರಿನಿಂದ ಪಿಎಚ್ ಇಳಿದಿರುವ ಕಾರಣ ಅದು ನಿರುಪದ್ರವ ರೂಪದಲ್ಲಿರುತ್ತದೆ. ಚೀಲ ಬಿಚ್ಚಿ ಗಾಳಿಯಾಡಿದೊಡನೆ ಪಿಎಚ್ ಏರಿ ಅದೇ ಅಮೋನಿಯಾ ವಿಷವಾಗುತ್ತದೆ. ಅಂಥ ಚೀಲವನ್ನು ಮುಚ್ಚಿದಂತೆಯೇ ಇಪ್ಪತ್ತು ನಿಮಿಷ ತೇಲಿಬಿಟ್ಟು ಉಷ್ಣತೆ ಸಮವಾದ ಮೇಲೆ ಬಿಚ್ಚಿ, ಮೀನನ್ನು ಬಲೆಯಿಂದ ಎತ್ತಿ, ಚೀಲದ ಟಿಡಿಎಸ್‌ಗೆ ಹತ್ತಿರವಾಗಿ ಮೊದಲೇ ಬೆರೆಸಿಟ್ಟ ನೀರಿಗೆ ತಡಮಾಡದೆ ಬಿಡಬೇಕು. ಅಲ್ಲಿಂದ ನಿಮ್ಮ ತೊಟ್ಟಿಯ ನೀರಿಗೆ ದಿನಗಳ ಅವಧಿಯಲ್ಲಿ ನಿಧಾನವಾಗಿ ಹೊಂದಿಸಿ.

ಹೊಸ ಮೀನನ್ನು ಎರಡು ಮೂರು ವಾರ ಬೇರೆ ಪ್ಲಾಸ್ಟಿಕ್ ಟಬ್ಬಿನಲ್ಲಿ, ಈಗಿನ ತೊಟ್ಟಿಯಲ್ಲಿ ಪಳಗಿದ ಸ್ಪಂಜ್ ಫಿಲ್ಟರ್ ಹಾಕಿ ಇರಿಸಿ. ರೋಗವಿದ್ದರೆ ಅಲ್ಲೇ ಹೊರಬೀಳುತ್ತದೆ, ಗಿಡಗಳಿಗೆ ಔಷಧಿ ತಾಗುವುದೂ ತಪ್ಪುತ್ತದೆ. ಹದಿನೈದನ್ನೂ ಒಟ್ಟಿಗೇ ಟಬ್ಬಿಗೆ ತಂದು, ಆರೋಗ್ಯವಾಗಿವೆಯೆಂದು ಕಂಡ ಮೇಲೆ ಎಂಟು ಮೀನುಗಳನ್ನು ಮೊದಲು, ಉಳಿದವನ್ನು ಒಂದು ವಾರದ ನಂತರ ತೊಟ್ಟಿಗೆ ಬಿಟ್ಟರೆ ಫಿಲ್ಟರ್‌ನ ಬ್ಯಾಕ್ಟೀರಿಯಾಗಳಿಗೆ ಹೊಸ ಹೊರೆಯನ್ನು ನಿಭಾಯಿಸಲು ಸಮಯ ಸಿಗುತ್ತದೆ. ಮೊದಲ ವಾರ ಸಂಜೆ ದೀಪದ ಬೆಳಕಿಗೆ ಅವು ಗಿಡದ ಮರೆಗೆ ಸರಿದರೆ ಚಿಂತೆ ಬೇಡ, ವ್ಯಾಲಿಸ್ನೇರಿಯಾ ಎಲೆಗಳನ್ನು ಕತ್ತರಿಸದೆ ಮೇಲ್ಮೈಯಲ್ಲಿ ಹರಡಲು ಬಿಡಿ, ನೆರಳು ಸಿಕ್ಕಷ್ಟೂ ಬೇಗ ಹೊರಬರುತ್ತವೆ. ಮುಂದೆಂದಾದರೂ ಯಾವುದಾದರೂ ಮೀನು ಬೇಡವಾದರೆ ಅಂಗಡಿಗೆ ಮರಳಿಸಿ ಅಥವಾ ಸಾಕುವವರಿಗೆ ಕೊಡಿ. ಅಪ್ಪನ ಕೆರೆಗಾಗಲಿ ಬೆಣ್ಣೆತೊರೆಗಾಗಲಿ ಬಿಡಬೇಡಿ. ಹೊರದೇಶದ ಮೀನುಗಳು ಅಲ್ಲಿ ನೆಲೆಗೊಂಡರೆ ಇಲ್ಲಿನ ಸಣ್ಣ ಮೀನುಗಳ ಆಹಾರಕ್ಕೂ ಮರಿಗಳಿಗೂ ಕುತ್ತು ಬರುತ್ತದೆ.